ಹುಟ್ಟಿಲ್ಲದ ಹಡಗು

ಮೊದಲು ಒಂದು ಒಗಟು. ಹುಟ್ಟಿದ್ದರೆ ಹೋಗಲ್ಲ, ಹುಟ್ಟದಿದ್ದರೆ ಬರಲ್ಲ. ಮುಟ್ಟಿದರೆ ಅದಲ್ಲ, ಮುಟ್ಟದಿದ್ದರೆ ಅದೇ. ಏನು ಹೇಳಿ?

ಗೊತ್ತಿದ್ದವರು ಕೈ ಎತ್ತಿ. ಎಲ್ಲರೂ ಒಂದೇ ಕಡೆ ಕೈ ಚಾಚಬೇಡಿ, ದೋಣಿ ವಾಲುತ್ತೆ. ಆ ತುದೀಲಿ ಬುಟ್ಟಿ ಹಿಡ್ಕೊಂಡು ಕೂತಿರೋ ಅಜ್ಜಿ, ಏನಂದ್ರಿ? ಕುಂಬಳಕಾಯಾ? ಅಲ್ಲ ಅಜ್ಜಿ. ನಿಮಗೆ ಯಾವ ಒಗಟು ಕೇಳಿದರೂ ಕುಂಬಳಕಾಯೇ. ಉತ್ತರ ನನಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಒಗಟು ಯಾಕೆ ಕೇಳ್ತಿದ್ದೆ? ಅಂಬಿಗಣ್ಣ ಹುಟ್ಟು ಹಾಕ್ತಿರಲಿ, ನಾನು ಕತೆ ಹೇಳ್ತಿರ್ತೀನಿ. ಹೊಳೆ ಮೊದಲು ಮುಗಿಯುತ್ತೋ ಕತೆ ಮೊದಲು ಮುಗಿಯುತ್ತೋ ನೋಡೇಬಿಡೋಣ.

ಒಂದಾನೊಂದು ಊರಿನಲ್ಲಿ ಒಂದೂವರೆ ಹೊಳೆ ಇತ್ತು. ಮಳೆಗಾಲದಲ್ಲಿ ಒಂದೂವರೆ, ಬೇಸಿಗೇಲಿ ಬರೀ ಅರ್ಧ. ಉಳಿದ ಒಂದು ತವರುಮನೆಗೆ ಹೋಗ್ತಿತ್ತು.

ಆ ಊರಿಗೊಬ್ಬ ರಾಜ. ಹೆಸರು ಗರಿಗರಿರಾಯ. ಅವನಿಗೆ ರಾಜ್ಯ ಅಂದ್ರೆ ಅಷ್ಟಕ್ಕಷ್ಟೆ, ಮೀಸೆ ಅಂದ್ರೆ ಪ್ರಾಣ. ದಿನಾ ಬೆಳಿಗ್ಗೆ ಮೀಸೆಗೆ ಗಂಜಿ ಹಾಕಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿಸ್ತಿದ್ದ. ಎಡಗಡೆ ಮೀಸೆ ಮೇಲೆ ಒಂದು ಗುಬ್ಬಚ್ಚಿ, ಬಲಗಡೆ ಮೀಸೆ ಮೇಲೆ ಒಂದು ಗುಬ್ಬಚ್ಚಿ ಕೂತು ಜಗಳ ಆಡಿದರೂ ಮೀಸೆ ಬಗ್ಗುತ್ತಿರಲಿಲ್ಲ. ಮೀಸೆ ಗರಿಗರಿ ಇರೋವರೆಗೆ ರಾಜನ ಮಾತೂ ಗರಿಗರಿ. ಮಡಚೋಕಾಗಲ್ಲ, ಬಗ್ಗಿಸೋಕಾಗಲ್ಲ. ಇದನ್ನ ನೆನಪಿಟ್ಕೊಳ್ಳಿ. ನಾನು ಮರೆತರೂ ಮರೆತೇನು.

ಈಚೆ ದಡದವರೆಲ್ಲ ಆ ಮೀಸೆ ನೋಡಿ ನೋಡಿ ಸಾಕಾಗಿದ್ದರು. ಅದಕ್ಕೆ ರಾಜ, ಆಚೆ ದಡದವರಿಗೆ ತೋರಿಸಿ ಬರ್ತೀನಿ ಅಂತ ಹಡಗು ಹತ್ತಿದ. ಎರಡೂ ಪಕ್ಕದಲ್ಲಿ ಅಂಬಿಗರು ಕೂತು ಹುಟ್ಟು ಹಾಕಿದರು. ಚಳ್ ಪಳ್, ಚಳ್ ಪಳ್. ಒಂದು ಹನಿ ಹಾರಿ ಬಂದು ಎಡ ಮೀಸೆಯ ತುದಿಗೆ ಬಿತ್ತು. ತುದಿ ಒಂದು ಎಳ್ಳಿನಷ್ಟು ಬಗ್ಗಿತು.

"ತಿರುಗಿಸ್ರೋ ಹಡಗು!" ಅಂತ ರಾಜ ಕಿರುಚಿದ. ದಡಕ್ಕೆ ಇಳಿದವನೇ ಅಂಬಿಗರ ಮೇಲೆ ಎಗರಿದ. "ನಿಮ್ಮೆಲ್ಲರ ಹುಟ್ಟಡಗಿಸಿಬಿಡ್ತೀನಿ!"

ಅಂಬಿಗರು ಮುಖ ಮುಖ ನೋಡಿಕೊಂಡರು. "ತಮಗ್ಯಾಕೆ ಬುದ್ಧಿ ಆ ತೊಂದರೆ? ನಾವೇ ಅಡಗಿಸ್ತೀವಿ" ಅಂದರು. ತಂತಮ್ಮ ಹುಟ್ಟು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಹುಲ್ಲಿನ ಮೆದೆಯೊಳಗೆ ಅಡಗಿಸಿಟ್ಟರು. ಹುಟ್ಟುಗಳು "ನಮಗೆ ಒಳಗೆ ಹೆದರಿಕೆ ಆಗುತ್ತೆ" ಅಂದವು. ಸರಿ, ಅಂಬಿಗರೂ ಜೊತೆಗೆ ಅಡಗಿ ಕೂತರು.

ರಾಜ ಮಂತ್ರಿಯನ್ನ ಕರೆಸಿದ. ಮಂತ್ರಿ ಹೆಸರು ಹೌದಯ್ಯ.

"ಇನ್ಮೇಲೆ ಹುಟ್ಟು ಅನ್ನೋದು ನನ್ನ ಕಣ್ಣಿಗೆ ಬೀಳಬಾರದು. ಹುಟ್ಟಿಲ್ಲದೆ ಹೋಗೋ ಹಡಗು ಮಾಡಿಸು. ಅದರಲ್ಲಿ ಕೂತು ನಾನು ಆಚೆ ದಡ ಮುಟ್ಟೋವರೆಗೂ ಹುಟ್ಟು ನಿಷೇಧ!"

"ಹೌದು ಪ್ರಭು."

ಹೌದಯ್ಯ ಇದನ್ನ ಡಂಗುರದ ಮುದ್ದನಿಗೆ ಹೇಳಿದ. ಮುದ್ದನಿಗೆ ಹಡಗಿನ ಮಾತು ಉದ್ದ ಅನ್ನಿಸಿತು. ಅದನ್ನ ಬಿಟ್ಟು ಉಳಿದದ್ದನ್ನ ಸಾರಿದ. ಕೇರಿ ಕೇರಿಯಲ್ಲಿ ತಮಟೆ ಬಡಿದು ಕೂಗಿದ: "ಕೇಳ್ರಪ್ಪೋ ಕೇಳ್ರಿ! ರಾಜರು ಆಚೆ ದಡ ಮುಟ್ಟೋವರೆಗೂ ಯಾರೂ, ಎಲ್ಲೂ, ಯಾವ ಕಾರಣಕ್ಕೂ ಹುಟ್ಟಬಾರದು!"

ಆಯ್ತಲ್ಲ. ಅಲ್ಲಿಂದ ಶುರುವಾಯ್ತು ನೋಡಿ ಗೋಳು.

ಕೋಳಿ ಮೊಟ್ಟೆಗಳೊಳಗೆ ಮರಿಗಳು ಬಾಗಿಲು ತಟ್ಟುತ್ತಾ ಕೂತವು. ಹೆಸರುಕಾಳಿನ ಮೊಳಕೆ ಅರ್ಧ ತಲೆ ಹಾಕಿ, ತಮಟೆ ಸದ್ದು ಕೇಳಿ ಮತ್ತೆ ಒಳಗೆ ಹೋಯ್ತು. ಸೂರ್ಯ ಬೆಟ್ಟದ ಹಿಂದಿನಿಂದ ಹಣೆ ಮಾತ್ರ ತೋರಿಸಿ, "ನಾನು ಹುಟ್ತಾ ಇಲ್ಲಪ್ಪ, ಸುಮ್ಮನೆ ಮೂಡ್ತಾ ಇದೀನಿ" ಅಂದ. ಮೂಡೋದಕ್ಕೆ ನಿಷೇಧ ಇದೆಯೋ ಇಲ್ಲವೋ ಮುದ್ದನಿಗೆ ಗೊತ್ತಿರಲಿಲ್ಲ. ಸೂರ್ಯನಿಗೂ ಗೊತ್ತಿರಲಿಲ್ಲ. ದಿನಾ ಅಲ್ಲೇ ಅರ್ಧಕ್ಕೆ ನಿಂತು ವಾಪಸ್ ಹೋಗ್ತಿದ್ದ. 'ಹುಟ್ಟಿದ್ದು' ಅನ್ನೋ ಮಾತು ಬಾಯಲ್ಲಿ ಬಂದರೆ ಹಿಡಿದಾರು ಅಂತ ಜನ, "ನಿಮ್ಮ ಹಿರಿಯವನು ಅದಾಗಿದ್ದು ಯಾವಾಗ?" ಅಂತ ಕೇಳೋಕೆ ಶುರು ಮಾಡಿದರು. "ಹುಚ್ಚು ಮಳೆ ಬಂದ ವರ್ಷ ಅದಾದ." ಕೆಲವರಿಗೆ 'ಅದು' ಅಂದ್ರೆ ಬೇರೇನೋ ಅನ್ನಿಸಿ ಜಗಳವೂ ಆಯ್ತು.

ಆ ಊರಲ್ಲಿ ಎಣ್ಣೆ ಗಾಣದ ನಿಂಗಾಜಮ್ಮ ಅಂತ ಒಬ್ಬಳಿದ್ದಳು. ದಿನ ತುಂಬಿದ ಬಸುರಿ. ಅವಳ ಗಂಡ ಅಂಬಿಗರಲ್ಲಿ ಒಬ್ಬ, ಮೆದೆಯೊಳಗಿದ್ದ. ಊಟದ ಹೊತ್ತಿಗೆ ಮೆದೆಯಿಂದ ಒಂದು ಕೈ ಮಾತ್ರ ಆಚೆ ಬರ್ತಿತ್ತು. ಮುದ್ದೆ ಇಸ್ಕೊಂಡು ಒಳಗೆ ಹೋಗ್ತಿತ್ತು.

ಹೊಟ್ಟೆಯೊಳಗಿನಿಂದ ಕೂಸು ಕೇಳಿತು. "ಅವ್ವಾ, ಬರ್ಲಾ?"

"ಬೇಡ ಕಂದ. ಅದಾಗಂಗಿಲ್ಲ. ತಮಟೆ ಹೊಡೆದವ್ರೆ."

"ಎಲ್ಲೀವರೆಗೆ?"

"ರಾಜ್ರು ಆಚೆ ದಡ ಮುಟ್ಟೋವರೆಗೆ."

"ಇಲ್ಲಿ ಕಾಲು ಚಾಚೋಕೂ ಜಾಗ ಇಲ್ಲ ಅವ್ವಾ."

"ಮಡಚ್ಕೋ ಕಂದ."

ಮೂಲೆಯಲ್ಲಿ ನೇತಾಡ್ತಿದ್ದ ತೊಟ್ಟಿಲು, "ಬಂದ್ರಾ?" ಅಂತ ಕೇಳಿತು. "ಇಲ್ಲ, ಸುಮ್ನಿರು" ಅಂದಳು ನಿಂಗಾಜಮ್ಮ. ಮಾರನೇ ದಿನ ಮತ್ತೆ "ಅವ್ವಾ, ಬರ್ಲಾ?" ಅದರ ಮಾರನೇ ದಿನವೂ "ಅವ್ವಾ, ಬರ್ಲಾ?" ದಿನದಿಂದ ದಿನಕ್ಕೆ ಕೂಸಿನ ದನಿ ಸಣ್ಣಗಾಗ್ತಾ ಹೋಯ್ತು. ಒಂದು ದಿನ ಕಿವಿ ಕೊಟ್ಟು ಕೇಳಿದರೆ ಮಾತ್ರ ಕೇಳಿಸ್ತು. ನಿಂಗಾಜಮ್ಮ ಗಾಣ ನಿಲ್ಲಿಸಿ ಹೊಳೆ ಕಡೆ ನಡೆದಳು.

ಅತ್ತ ಹೊಳೆ ದಡದಲ್ಲಿ ಹುಟ್ಟಿಲ್ಲದ ಹಡಗಿನ ಕೆಲಸ ನಡೀತಿತ್ತು. ಕಮ್ಮಾರ ಬಂದು ಹಡಗಿನ ಮೇಲೆ ಪಟ ಕಟ್ಟಿ, ತಿದಿ ಇಟ್ಟು, ತಾನೂ ಅಲ್ಲೇ ಕೂತು ಪಟಕ್ಕೆ ಗಾಳಿ ಊದಿದ. ಪಟ ಮುಂದಕ್ಕೆ ಎಳೀತು, ತಿದಿ ಹಿಂದಕ್ಕೆ ತಳ್ಳಿತು. ಹಡಗು "ನಿಮ್ಮಿಬ್ಬರ ನಡುವೆ ನಾನು ಬರಲ್ಲ" ಅಂತ ಸುಮ್ಮನಾಯ್ತು. ಆಮೇಲೆ ಬಡಗಿ ಬಂದ. ಹಡಗಿನ ಹಿಂದುಗಡೆ ದೊಡ್ಡದೊಂದು ತಿರುಪು ಕೂರಿಸಿದ. "ಇದನ್ನ ತಿರುಗಿಸಿದ್ರೆ ನೀರು ಕೊರ್ಕೊಂಡು ಹೋಗುತ್ತೆ" ಅಂದ. ತಿರುಗಿಸಿದರು. ತಿರುಗಿಸಿದಷ್ಟೂ ಹಡಗು ಹೊಳೆಗೆ ಬಿಗಿಯಾಗಿ ಕೂತ್ಕೊಳ್ತು. ಕೊನೆಗೆ ಹಡಗು ಅಲ್ಲಾಡಿಸಿದ್ರೆ ಹೊಳೆಯೇ ಅಲ್ಲಾಡೋ ಹಂಗಾಯ್ತು. ತಿರುಪು ಬಿಚ್ಚೋಕೆ ಊರೆಲ್ಲ ಬರಬೇಕಾಯ್ತು.

"ಇನ್ಯಾರೂ ಇಲ್ವಾ?" ಅಂತ ರಾಜ ಗುಡುಗಿದ.

"ನಾನಿದೀನಿ ಬುದ್ಧಿ" ಅಂತ ನಿಂಗಾಜಮ್ಮ ಹೊಟ್ಟೆ ಹಿಡ್ಕೊಂಡು ಮುಂದೆ ಬಂದಳು. "ನಮ್ಮ ಪಟೇಲ ಜೀವಮಾನವೆಲ್ಲ ನಡೆದವ್ನೆ. ಎಲ್ಲೂ ಹೋಗಿಲ್ಲ."

"ಯಾವ ಪಟೇಲ?"

"ನಮ್ಮ ಗಾಣದ ಎತ್ತು ಬುದ್ಧಿ."

"ನಡೆದ ಮೇಲೆ ಎಲ್ಲಿಗಾದ್ರೂ ಹೋಗಲೇಬೇಕಲ್ಲಮ್ಮ?"

"ಹೋಗಿಲ್ವಲ್ಲ. ಗಾಣದ ಸುತ್ತಾನೇ ಅವ್ನೆ. ಹಂಗಾದ್ರೆ ನಡೆದ ನಡಿಗೆ ಎಲ್ಲಾ ಎಲ್ಲಿ?"

"ಹೌದು, ಎಲ್ಲಿ?" ಅಂದ ಹೌದಯ್ಯ. ಅವನು ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಗಾಣದೊಳಗೇ ಇದೆ. ಕಡಲೆಕಾಯಿಂದ ಎಣ್ಣೆ ಹಿಂಡಿದ್ವಿ, ಗಾಣದಿಂದ ನಡಿಗೆ ಹಿಂಡಲೇ ಇಲ್ಲ. ಗಾಣ ತಂದು ಹಡಗಲ್ಲಿ ಇಡಿ. ಅಷ್ಟೂ ನಡಿಗೆ ಆಚೆ ಬರುತ್ತೆ."

ತಪ್ಪು ಹುಡುಕೋಕೆ ಯಾರಿಗೂ ಆಗಲಿಲ್ಲ. ನನಗೂ ಆಗಿಲ್ಲ. ಗಾಣ ತಂದು ಹಡಗಿನ ಮಧ್ಯೆ ಇಟ್ಟು ಪಟೇಲನನ್ನ ಕಟ್ಟಿದರು. ಹಡಗಿನ ಹಿಂದೆ ಒಂದು ಗಾಡಿ ಚಕ್ರ ಸಿಕ್ಕಿಸಿ, ಚಕ್ರದ ಸುತ್ತ ಮೊರಗಳನ್ನ ಕಟ್ಟಿದರು. ಗಾಣ ತಿರುಗಿದರೆ ಚಕ್ರ ತಿರುಗೋ ಹಾಗೆ ಹಗ್ಗ ಹಾಕಿದರು.

"ಮೊರ ಯಾಕಮ್ಮ?" ಅಂತ ರಾಜ ಕೇಳಿದ.

"ನೀರು ಕೇರೋಕೆ ಬುದ್ಧಿ. ಜೊಳ್ಳು ನೀರು ಹಿಂದಕ್ಕೆ ಹಾರೋಗುತ್ತೆ, ಗಟ್ಟಿ ನೀರು ಕೆಳಗೆ ಉಳಿಯುತ್ತೆ. ಹಡಗು ಗಟ್ಟಿ ನೀರಿನ ಮೇಲೆ ಹೋಗುತ್ತೆ."

ಪಟೇಲ ನಿಂಗಾಜಮ್ಮನ ದನಿಗೆ ಬಿಟ್ಟರೆ ಇನ್ಯಾರ ದನಿಗೂ ಹೆಜ್ಜೆ ಇಡ್ತಿರಲಿಲ್ಲ. ಅದಕ್ಕೇ ಅವಳೂ ಹಡಗು ಹತ್ತಿದಳು. ರಾಜ ಮುಂದೆ ನಿಂತ, ಹೌದಯ್ಯ ಹಿಂದೆ ನಿಂತ. "ಹೋಯ್ ಪಟೇಲ, ನಡಿಯಪ್ಪ" ಅಂದಳು. ಗಾಣ ಕಿರ್ರಂತು. ಚಕ್ರ ತಿರುಗಿತು. ಮೊರ ನೀರು ಕೇರಿತು. ಜೊಳ್ಳು ನೀರೆಲ್ಲ ಹೌದಯ್ಯನ ಮುಖಕ್ಕೆ ಹೊಡೀತು. "ಹೌದು ಹೌದು" ಅಂದ. ಮೀಸೆಗೆ ಒಂದು ಹನಿ ಬೀಳಲಿಲ್ಲ. ಹಡಗು ಹೊರಟಿತು!

ಪಟೇಲ ಮಾತ್ರ ಗಾಬರಿಯಾದ. "ಅವ್ವೋ, ನಾನು ನಡೆದ್ರೆ ದಡ ಹಿಂದಕ್ಕೆ ಹೋಗ್ತೈತೆ! ನಾನು ಅಂಥವನಲ್ಲ!"

"ಹೆದರಬೇಡ್ವೋ, ನಡಿ."

ಹಡಗು ಹೋಗಿ ದಡ ಮುಟ್ಟಿತು. ಅಲ್ಲೊಬ್ಬ ಮುದುಕಿ ಬಟ್ಟೆ ಒಗೀತಿದ್ದಳು.

"ಏನಮ್ಮ, ಇದು ಆಚೆ ದಡ ತಾನೇ?" ಅಂತ ರಾಜ ಮೀಸೆ ತಿರುವಿ ಕೇಳಿದ.

"ಯಾವನು ಹೇಳ್ದೋನು? ಇದು ಈಚೆ ದಡ. ನಮ್ಮಜ್ಜಿ ಕಾಲದಿಂದ ಈಚೆ ದಡ. ಆಚೆ ದಡ ಅಲ್ಲೈತೆ ನೋಡಿ" ಅಂತ ಅವರು ಬಂದ ಕಡೆಗೇ ಕೈ ತೋರಿಸಿದಳು.

ರಾಜನ ಮಾತು ಗರಿಗರಿ, ಆಚೆ ದಡ ಅಂದ ಮೇಲೆ ಆಚೆ ದಡವೇ. "ತಿರುಗಿಸು!" ಹಡಗು ತಿರುಗಿ ಬಂತು. ಅಲ್ಲಿ ಡಂಗುರದ ಮುದ್ದ ನಿಂತಿದ್ದ.

"ಲೋ ಮುದ್ದ, ಇದು ಆಚೆ ದಡ ತಾನೇ?"

"ಇಲ್ಲ ಬುದ್ಧಿ, ಇದು ಈಚೆ ದಡ. ಆಚೆ ದಡ ಅಲ್ಲಿದೆ."

"ತಿರುಗಿಸು!" ಮತ್ತೆ ಮುದುಕಿ. ಮತ್ತೆ ಮುದ್ದ. ಮತ್ತೆ ಮುದುಕಿ. ಹಡಗು ಹೋಗಿ ಮುಟ್ಟಿದ ಕೂಡಲೇ ಆಚೆ ದಡ ಹಾರಿ ಎದುರು ಕಡೆ ಹೋಗ್ತಿತ್ತು. ಪಟೇಲನಿಗೆ ಮಾತ್ರ ಈಗ ಸಮಾಧಾನ. "ಆಹಾ, ಕೊನೆಗೂ ಗಾಣದ ಹಾಗೇ ಆಯ್ತು. ಎಲ್ಲೂ ಹೋಗ್ತಿಲ್ಲ" ಅಂತ ಕಣ್ಣು ಮುಚ್ಚಿ ನಡೀತಿದ್ದ.

"ಅವ್ವಾ..." ಸೊಳ್ಳೆ ದನಿಯಷ್ಟು ಸಣ್ಣ ದನಿ. "ರಾಜ್ರು ಮುಟ್ಟಿದ್ರಾ?"

ನಿಂಗಾಜಮ್ಮ ಗಾಣದ ಮರ ಹಿಡ್ಕೊಂಡು ಕೂತಳು. "ಮುಟ್ಟಿದ್ರು ಕಂದ. ಮುಟ್ಟಿದ್ರೂ ಮುಟ್ಟಲಿಲ್ಲ."

"ಈಗ ನಾವು ಎಲ್ಲಿದೀವಿ?"

"ಹೊಳೆ ಮಧ್ಯೆ."

"ಅವ್ವಾ, ಹೊಳೆ ಮಧ್ಯೆ ತಮಟೆ ಹೊಡೆದಿದ್ರಾ?"

ನಿಂಗಾಜಮ್ಮನಿಗೆ ಯೋಚನೆ ಆಯ್ತು. ಮುದ್ದ ಕೇರೀಲಿ ಹೊಡೆದಿದ್ದ, ಸಂತೇಲಿ ಹೊಡೆದಿದ್ದ. ಅವನಿಗೆ ಈಜು ಬರಲ್ಲ.

"ಇಲ್ಲ ಕಂದ. ಇಲ್ಲಿ ಹೊಡೆದಿಲ್ಲ."

"ಹಾಗಾದ್ರೆ ಬಂದೆ."

ಬಂದೇಬಿಟ್ಟಿತು. ಹೆಣ್ಣು ಕೂಸು. ಮೀನುಗಳೆಲ್ಲ ತಲೆ ಎತ್ತಿ ನೋಡೋ ಹಾಗೆ ಕಿಟಾರನೆ ಅತ್ತಿತು.

ರಾಜ ತಿರುಗಿ ನೋಡಿದ. "ಹುಟ್ಟು! ಹುಟ್ಟಿಲ್ಲದ ಹಡಗಲ್ಲಿ ಹುಟ್ಟು! ಏ ಅಮ್ಮ, ಇದನ್ನ ವಾಪಸ್ ಕಳಿಸು!"

"ಅದು ಒಂದೇ ಕಡೆ ದಾರಿ ಬುದ್ಧಿ."

ರಾಜ ಕೂಸನ್ನ ಎರಡೂ ಕೈಯಲ್ಲಿ ಎತ್ತಿ ಮುಖದ ಎದುರಿಗೆ ಹಿಡಿದ. "ಯಾರಪ್ಪಣೆ ತಗೊಂಡು ಹುಟ್ಟಿದೆ? ಹೇಳು!"

ಒಳಗಿದ್ದಾಗ ಅಷ್ಟು ಮಾತಾಡಿದ ಕೂಸು ಆಚೆ ಬಂದ ಕೂಡಲೇ ಮಾತು ಮರೆತಿತ್ತು. ಬಾಯಿಂದ ಉತ್ತರ ಬರಲಿಲ್ಲ. ಬೇರೆ ಕಡೆಯಿಂದ ಬಂತು. ಸುರ್ರಂತ, ಬೆಚ್ಚಗೆ, ನೇರವಾಗಿ ಮೀಸೆ ಮೇಲೆ.

ಗಂಜಿ ಕರಗಿತು. ಎಡ ಮೀಸೆ ಬಿತ್ತು. ಬಲ ಮೀಸೆಯೂ ಬಿತ್ತು. ಮೀಸೆ ಬಿದ್ದ ಕೂಡಲೇ ಮಾತೂ ಮೆತ್ತಗಾಯ್ತು. "ಯಾರೂ ಹುಟ್ಟಬಾ... ಹುಟ್ಟಬಾ..." ಅಂತ ತೊದಲಿ, ಕೊನೆಗೆ "ಹುಟ್ಟಬಹುದು" ಅಂದ.

"ಹೌದು ಪ್ರಭು!" ಅಂದ ಹೌದಯ್ಯ, ಒದ್ದೆ ಮುಖ ಒರೆಸಿಕೊಂಡು.

ಸೂರ್ಯ ಪೂರ್ತಿ ಮೇಲೆ ಬಂದು "ಈಗ ಹುಟ್ಟಿದೆ ನೋಡಿ" ಅಂದ. ಕೋಳಿಮರಿಗಳು ಬಾಗಿಲು ಒಡೆದು ಬಂದವು. ಅಳು ಕೇಳಿದ ಗಂಡ ಮೆದೆಯಿಂದ ಎದ್ದು, ಮೈಯೆಲ್ಲ ಹುಲ್ಲು, ಮಗಳ ಹುಟ್ಟಿಗೆ ತನ್ನ ಹುಟ್ಟು ಹಿಡ್ಕೊಂಡು ದಡಕ್ಕೆ ಓಡಿ ಬಂದ. ಆಚೆಯೂ ಅಲ್ಲದ ಈಚೆಯೂ ಅಲ್ಲದ ಕೂಸಿಗೆ ನಡುವಮ್ಮ ಅಂತ ಹೆಸರಿಟ್ಟರು. ತೊಟ್ಟಿಲು "ಬಂದ್ರಾ?" ಅಂತ ಕೇಳಿತು. "ಬಂದ್ರು" ಅಂದಳು ನಿಂಗಾಜಮ್ಮ.

ನೀತಿ ಏನಪ್ಪಾ ಅಂದ್ರೆ, ಗಂಜಿ ಇರೋದು ಕುಡಿಯೋಕೆ. ಇದು ಬೇಡ ಅಂದ್ರೆ ಬೇರೆ ನೀತಿ ಇಲ್ಲ, ಇದನ್ನೇ ಇಟ್ಕೊಳ್ಳಿ.

ಏನಜ್ಜಿ? ಕೂಸು ನಿಜವಾಗ್ಲೂ ರಾಜನ ಮೀಸೆ ಮೇಲೆ ಮಾಡ್ತಾ ಅಂತಲಾ?

ಸರಿ, ಹೇಳಿಬಿಡ್ತೀನಿ. ನಾನು ಕೇಳಿದ್ದ ಕತೆ ಹಡಗು ಆಚೆ ಈಚೆ ಓಡಾಡೋ ಹತ್ರ ನಿಂತುಹೋಗಿತ್ತು. ಹೇಳ್ತಿದ್ದವನಿಗೂ ಮುಂದೆ ಗೊತ್ತಿರಲಿಲ್ಲ. ಕೂಸು ಇನ್ನೂ ಒಳಗೇ ಇತ್ತು. "ಅವ್ವಾ, ಬರ್ಲಾ" ಅಂತಾನೇ ಇತ್ತು. ಎಷ್ಟು ದಿನ ಅಂತ ಕೇಳಿಸಿಕೊಂಡಿರಲಿ ಅಜ್ಜಿ? ಅದಕ್ಕೇ ಕೊನೆ ನಾನೇ ಹುಟ್ಟಿಸ್ಕೊಂಡು ಹೇಳಿದೆ.

ಹುಟ್ಟಿಸೋದು ತಪ್ಪು ಅಂತೀರಾ? ಹಿಡಿದು ಕೊಡ್ತೀರಾ? ಕೊಡಿ. ಆದ್ರೆ ಮೊದಲು ಕತ್ತು ತಿರುಗಿಸಿ ನೋಡಿ, ನಮ್ಮ ದೋಣಿ ಎಲ್ಲಿದೆ ಅಂತ. ಹೊಳೆ ಮಧ್ಯೆ. ಇಲ್ಲಿ ತಮಟೆ ಹೊಡೆದಿಲ್ಲ.