ಹನ್ನೊಂದು ಪರದೆಯ ಮೇಲೆ ಸಾಹೇಬರು

ನಮ್ಮ ನೀರಾವರಿ ಕಚೇರಿಯ ಹನ್ನೊಂದು ಕಂಪ್ಯೂಟರುಗಳ ರೋಗ ವಾಸಿ ಮಾಡಿದವನು ಅಕ್ಷರ ಬಾರದ ಈ ಜವಾನ, ಅಂದರೆ ನಾನು. ಬೆಳಗ್ಗೆ ಗುಂಡಿ ಒತ್ತಿದರೆ ಅವು ತೆರೆಯೋಕೆ ಅರ್ಧ ಗಂಟೆ. ಅಷ್ಟು ಹೊತ್ತೂ ಗುಮಾಸ್ತರೆಲ್ಲ ಸುತ್ತ ನಿಂತು ನನ್ನ ಬೇಟೆಯ ಕಥೆ ಕೇಳ್ತಿದ್ದರು. ಮನೆಯಲ್ಲಿ ನನ್ನ ಮಾತು ಕೇಳೋಕೆ ಗೋಡೆ ಮಾತ್ರ.

ಹೊಸ ಸಾಹೇಬರು ತಿಪ್ಪೇಸ್ವಾಮಿ ಒಂದಿನ ಗುಡುಗಿದರು: "ಕೆಲಸ ನಿಂತಿರೋದು ನಿನ್ನ ಹರಟೆಯಿಂದ. ಸೋಮವಾರದಿಂದ ಹಳೇ ಕಡತದ ಕೋಣೆಗೆ ಹೋಗು."

ಆ ಕೋಣೆಗೆ ಇಲಿ ಬಿಟ್ಟರೆ ಯಾರೂ ಬರೋದಿಲ್ಲ.

ರೋಗ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಕಸ ಗುಡಿಸುವಾಗ ತಂತಿ ಕಿತ್ತುಬಂದ ಕಂಪ್ಯೂಟರು ಕಣ್ಣು ಮಿಟುಕಿಸೋದ್ರಲ್ಲಿ ತೆರೆದಿತ್ತು. ದಿನಾ ಬೆಳಗ್ಗೆ ಆ ತಂತಿಯಲ್ಲೇ ಸಾಹೇಬರ ಕೋಣೆಯಿಂದ ಅವರ ದೊಡ್ಡ ಫೋಟೋ ಹನ್ನೊಂದಕ್ಕೂ ಒಟ್ಟಿಗೆ ಬರಬೇಕು. ಅದು ಬಂದ ದಿನವೇ ಅವರು ಮಾಡಿದ ಆಜ್ಞೆ. ನೇರ ಹೇಳಿದ್ದರೆ ಅವತ್ತೇ ನನ್ನನ್ನು ಅಟ್ತಿದ್ದರು.

"ಸ್ವಾಮಿ, ನಿಮ್ಮ ಫೋಟೋ ಪರದೆಯ ಮೇಲಿನಿಂದ ಚೂರುಚೂರೇ ಇಳಿಯುತ್ತೆ," ಅಂದೆ. "ಮೊದಲು ಬೋಳು ತಲೆ. ಮೂಗು ಬರೋಕೆ ಕಾಲು ಗಂಟೆ. ಅಷ್ಟರಲ್ಲಿ ಕಿಟಕಿ ಹತ್ತಿರದ ರೈತರು, ಯಾರ ಹೊಲದ ಕುಂಬಳಕಾಯಪ್ಪ ಇದು ಅಂತ ಕೇಳ್ತಾರೆ."

ಸಾಹೇಬರು ತಲೆ ಸವರಿಕೊಂಡರು. "ಎಷ್ಟು ಜನ ಕೇಳಿದರು?"

"ಅರ್ಧ ತಾಲೂಕು ಸ್ವಾಮಿ."

ಊಟದ ಹೊತ್ತಿಗೆ ಫೋಟೋ ಮಾಯ. ಮಾನ ಉಳಿಸಿದ್ದಕ್ಕೆ ನನ್ನ ವರ್ಗವೂ ರದ್ದು.

ಸೋಮವಾರ ಹನ್ನೊಂದೂ ಒತ್ತಿದ ಕೂಡಲೇ ತೆರೆದವು. ನಾನು ಕಂಬಕ್ಕೆ ಒರಗಿ, ಮೊಸಳೆಯ ಹಲ್ಲು ಎಣಿಸಿದ ಕಥೆ ಶುರು ಮಾಡಿದೆ.

"ಕೆಲಸ ಇದೆ ತಾತ," ಅಂದರು ಗುಮಾಸ್ತೆ ಚಂಪಾವತಿ, ಪರದೆಯಿಂದ ಕಣ್ಣು ತೆಗೆಯದೆ. ಮಿಕ್ಕವರು ಕೀಲಿ ಕುಟ್ತಾ ಕೂತಿದ್ದರು.

ಮೂರು ದಿನ ತಡೆದೆ. ನಾಲ್ಕನೇ ದಿನ ಸಾಹೇಬರ ಕೋಣೆಗೆ ಹೋದೆ.

"ಸ್ವಾಮಿ, ಒಂದು ಪೇಟ ಕಟ್ಟಿಕೊಂಡು ಹೊಸ ಫೋಟೋ ತೆಗೆಸಿ," ಅಂದೆ. "ಈ ಸಲ ಇನ್ನೂ ದೊಡ್ಡದಿರಲಿ."