ಮುತ್ತಿ ನುಂಗಿದ ಒಂಬತ್ತನೆಯ ಸೂಜಿ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಹೊನ್ನಾದೇವಿಯವರ ಬೆಕ್ಕು ಮುತ್ತಿ, ದಾರ ಪೋಣಿಸಿದ ಸೂಜಿ ನುಂಗೈತಿ. ಅದನ್ನ ಬದುಕಿಸೋರು ಮೊದಲು ರಾಜಕುಮಾರಿಯವರ ಮೂರು ಒಗಟು ಬಿಡಿಸಬೇಕು. ಗೆದ್ದರೆ ಕೇಳಿದ್ದು ಸಿಗತೈತಿ, ತಪ್ಪಿದರೆ ತಲೆ ಹೋಗತೈತಿ!"

ಡಂಗುರ ಕೇಳಿ ಕಣಗಾಲಪುರದ ಮಂದಿ ನಕ್ಕರು. ನಗು ಬಾರದವನು ಬರಮ ಒಬ್ಬನೇ. ಸೂಜಿ ಅವನ ತಾಯಿ ದ್ಯಾಮವ್ವನದು. ಅವಳು ಅರಮನೆಗೆ ಕೌದಿ ಹೊಲಿಯುವವಳು. ಒಂಬತ್ತು ಸೂಜಿ ಎಣಿಸಿ ಕೆಲಸಕ್ಕೆ ಕೂರುತ್ತಿದ್ದಳು, ಒಂಬತ್ತೂ ಡಬ್ಬಿಗೆ ಬಿದ್ದ ಮೇಲಷ್ಟೇ ಮೇಲೇಳುತ್ತಿದ್ದಳು. ಅಂದು ಮಾತ್ರ ಕಾವಲುಗಾರ "ದೊರೆ ಬಂದರು, ಜಾಗ ಬಿಡು" ಎಂದು ಎಣಿಸುವ ಮೊದಲೇ ಎಬ್ಬಿಸಿದ್ದ. ಈಗ ಅವಳು ಸೆರೆಯಲ್ಲಿದ್ದಳು, ಬೆಕ್ಕು ಸತ್ತರೆ ಗಲ್ಲು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಬೆಕ್ಕಿಗೂ ಪ್ರಾಣಸಂಕಟವೇ.

ಬರಮ ಅರಮನೆಗೆ ಓಡಿದ. ಮುತ್ತಿ ಜೊಲ್ಲು ಸುರಿಸುತ್ತ ರಾಜಕುಮಾರಿಯ ಮಡಿಲಲ್ಲಿ ಬಿದ್ದಿತ್ತು. ಬಾಯಿಂದ ಕೆಂಪು ದಾರ ಇಣುಕುತ್ತಿತ್ತು.

"ಎಳೆದರೆ ಸಾವು, ಬಿಟ್ಟರೆ ಬದುಕು. ಏನದು?" ಎಂದು ಕೇಳಿದಳು ಅವಳು.

"ಉಸಿರು!" ಎಂದ ರಾಜವೈದ್ಯ. "ಕುದುರೆಯ ಲಗಾಮು!" ಎಂದ ಸೇನಾಪತಿಯ ಮಗ. ಮೂಗಿನ ಕೆಳಗೇ ಉತ್ತರ ನೇತಾಡುತ್ತಿದ್ದರೂ ಮಹಾನುಭಾವರಿಗೆ ಕಾಣಲಿಲ್ಲ. ಇಬ್ಬರನ್ನೂ ತಲೆ ತೆಗೆಯಲೆಂದು ಸೆರೆಗೆ ಎಳೆದೊಯ್ದರು.

ಬರಮ ಮುಂದೆ ಬಂದ. "ಆ ದಾರಾನ ರೀ, ತಾಯಿ. ಕೌದಿಯೊಳಗ ಸಿಕ್ಕ ದಾರ ಜಗ್ಗಿದರ ಬಟ್ಟಿ ನಿರಿಗಿ ನಿರಿಗಿಯಾಗಿ ಹರೀತೈತಿ. ಕರುಳೂ ಹಂಗ."

"ಗಂಟು ಬಾಗಿಲಲ್ಲಿ, ಬಿಗಿತ ಮನೆಯ ತುಂಬ. ಎಲ್ಲಿ ಬಿಡಿಸುತ್ತೀಯ?" ಎಂದು ರಾಜಕುಮಾರಿ ಎರಡನೆಯದು ಕೇಳಿದಳು.

ಬರಮ ಮೆಲ್ಲಗೆ ಮುತ್ತಿಯ ಬಾಯಿ ಬಿಡಿಸಿದ. ಅದು ಅವನ ಕೈ ಪರಚಿತು. ನಾಲಿಗೆಯ ಬುಡಕ್ಕೆ ದಾರ ಸುತ್ತಿಕೊಂಡಿತ್ತು. "ಇಲ್ಲೇ ರೀ" ಎಂದವನೇ ಕತ್ತರಿಸಿದ. ಉಳಿದ ದಾರ ಒಳಗೆ ಜಾರಿತು.

ರಾಜಕುಮಾರಿ ಅತ್ತುಬಿಟ್ಟಳು. "ಹೋದ ವರ್ಷ ನನ್ನ ಇನ್ನೊಂದು ಬೆಕ್ಕನ್ನು ವೈದ್ಯರು ದಾರ ಎಳೆದೇ ಕೊಂದರು. ನಾಲಿಗೆಯ ಸುತ್ತು ಕಂಡದ್ದು ಅದು ಸತ್ತ ಮೇಲೆ. ಮೂರನೆಯದರ ಉತ್ತರ ನನಗೂ ಗೊತ್ತಿಲ್ಲ. ಬಂದ ಬಾಗಿಲಿಂದ ಹಿಂದಿರುಗಲಾರದ ಅತಿಥಿಯನ್ನು ಏನು ಮಾಡಬೇಕು?"

"ಮೆತ್ತಗಿನ ಅನ್ನ ಉಣಿಸಿ, ಹಿತ್ತಲ ಬಾಗಿಲಿಂದ ಕಳಿಸಬೇಕ್ರಿ. ಹೋಗೋತನಕ ಕಾಯಬೇಕ್ರಿ."

ದೊರೆ ಗುಡುಗಿದ: "ಮೂರು ದಿನ ಕೊಟ್ಟೆ. ಸೂಜಿ ಬರದಿದ್ದರೆ ತಾಯಿ, ಮಗ ಇಬ್ಬರಿಗೂ ಗಲ್ಲು."

ಬರಮ ಬೆಕ್ಕಿನ ಪಕ್ಕ, ಅದರ ಮಲಕ್ಕೆಂದು ಬೂದಿಯ ಬುಟ್ಟಿ ಇಟ್ಟುಕೊಂಡು ಕೂತ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ತುಸು ದಾರ ಬಂತು, ಸೂಜಿ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಆಸೆಯೇ ಹೋದ ಮೇಲೆ, ಬೂದಿ ಕೆದಕುತ್ತಿದ್ದ ಅವನ ಬೆರಳಿಗೆ ಏನೋ ಚುಚ್ಚಿತು. ಆ ನೋವಿಗೆ ಅವನು ನಕ್ಕಷ್ಟು ಯಾವ ಹಬ್ಬಕ್ಕೂ ನಕ್ಕಿರಲಿಲ್ಲ.

"ಏನು ಬೇಕು? ಅರ್ಧ ರಾಜ್ಯವೇ?" ಎಂದ ದೊರೆ.

"ಅವ್ವನ್ನ ಬಿಡ್ರಿ, ಆ ಇಬ್ಬರನ್ನೂ ಬಿಡ್ರಿ. ಮತ್ತ, ಸೂಜಿ ಎಣಿಸೋ ಮುಂದ ಅವ್ವನ್ನ ಯಾರೂ ಎಬ್ಬಿಸಬಾರದ್ರಿ. ತಾವೂ."

ಸೆರೆಯಿಂದ ಬಂದ ದ್ಯಾಮವ್ವ ಮಗನ ತಲೆ ಸವರಿದಳು, ಸೂಜಿ ತೊಳೆದಳು, ದರ್ಬಾರಿನ ನಡುವೆಯೇ ಕೂತು ಡಬ್ಬಿ ತೆರೆದಳು. ಒಂದು, ಎರಡು, ಮೂರು... ಅವಳು ಒಂಬತ್ತು ಅನ್ನುವವರೆಗೂ ದೊರೆ ದಾರಿ ಬಿಟ್ಟು ನಿಂತಿದ್ದ.

ಅವರ ಸೂಜಿ ಅವರ ಡಬ್ಬಿಗೆ, ನಮ್ಮ ಕತೆ ನಮ್ಮ ಮನೆಗೆ.