ಬೇಲಿಯೊಳಗಿನ ನೀಲಿ ಹೂವು

“ಗುರುಗಳೇ, ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಹೊಸಿಲು ದಾಟಲು ಬಿಡದೆ ಜೋಪಾನ ಮಾಡುತ್ತಿದ್ದೇನೆ. ಆದರೂ ದಿನೇ ದಿನೇ ಸೊರಗುತ್ತಿದ್ದಾಳೆ. ನನ್ನ ಕಾಳಜಿಯಲ್ಲಿ ಎಲ್ಲಿ ಕೊರತೆಯಾಯಿತು?” ಎಂದು ಮರುಳಯ್ಯನೆಂಬ ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಬ್ಬ ರೈತನಿದ್ದ. ಅವನ ಹೊಲದ ಮಗ್ಗುಲಿಗೆ ಒಂದು ಕಲ್ಲುಗುಡ್ಡ. ಅಲ್ಲಿ ಮೊಣಕಾಲೆತ್ತರದ ಪೊದೆಗಳು ಬೆಳೆದು, ಮಳೆ ನಿಂತ ಮೇಲೆ ನೀಲಿ ಹೂ ಬಿಡುತ್ತಿದ್ದವು. ಹಿಂದೆ ಆ ಸೀಮೆಯ ಗುಡ್ಡಗಳಲ್ಲೆಲ್ಲ ಆ ಹೂವಿತ್ತು. ಜನ ಗುಡ್ಡಗಳನ್ನು ಉತ್ತು ಹೊಲ ಮಾಡಿದರು, ಕಲ್ಲು ಒಡೆದು ಸಾಗಿಸಿದರು. ಹೂವು ಇದೊಂದೇ ಗುಡ್ಡದಲ್ಲಿ ಉಳಿಯಿತು. ಇಲ್ಲಿಯೂ ಹೋದರೆ ಮತ್ತೆ ಹುಟ್ಟುವುದಿಲ್ಲವೆಂದು ರೈತನಿಗೆ ಅಂಜಿಕೆ ಹತ್ತಿತು. ಗುಡ್ಡದ ಸುತ್ತ ಮುಳ್ಳಿನ ಬೇಲಿ ಹಾಕಿದ.

ಅಲ್ಲಿ ಕುರಿ ಮೇಯಿಸುತ್ತಿದ್ದ ಕುರಿಗಾಹಿಯೊಬ್ಬ ಬಂದು ನೋಡಿ ನಿಂತ. “ಆ ಎಲೆ ಬಲು ಕಹಿ. ನನ್ನ ಕುರಿಗಳು ಬಾಯಿ ಹಾಕುವುದಿಲ್ಲ, ಯಜಮಾನರೇ” ಎಂದ.

“ತುಳಿಯುತ್ತವಲ್ಲ” ಎಂದ ರೈತ.

ಕುರಿಗಾಹಿ ಮಾತು ಬೆಳೆಸದೆ ಹಿಂಡನ್ನು ಬೇಲಿಯ ಹೊರಗಿನ ದಾರಿಗೆ ತಿರುಗಿಸಿದ.

ಮೊದಲ ವರ್ಷ ಹೂ ಚೆನ್ನಾಗಿಯೇ ಬಂತು. ರೈತ ಹಿಗ್ಗಿದ. ಮುಂದಿನ ಮಳೆಗೆ ಬೇಲಿಯೊಳಗೆ ಹುಲ್ಲು ಎದೆಮಟ್ಟ ಬೆಳೆಯಿತು. ಅದರ ನೆರಳಿನಲ್ಲಿ ಪೊದೆಗಳು ಬಿಳಿಚಿಕೊಂಡವು. ರೈತ ಕುಡುಗೋಲು ಹಿಡಿದು ಹುಲ್ಲು ಕೊಯ್ದ. ಕೊಯ್ದಷ್ಟೂ ಚಿಗುರಿತು. ಪೊದೆಯಿಂದ ಉದುರಿದ ಬೀಜ ಒಣಹುಲ್ಲಿನ ಮೇಲೇ ನಿಂತು ನೆಲ ಮುಟ್ಟಲಿಲ್ಲ. ಕೊನೆಗೊಂದು ವರ್ಷ ಗುಡ್ಡದಲ್ಲಿ ಒಂದು ಹೂವೂ ಕಾಣಲಿಲ್ಲ. ಹೆಂಡತಿ ಊಟಕ್ಕೆ ಕರೆದರೂ ಅವನು ಏಳದೆ ಅಲ್ಲೇ ಕೂತಿದ್ದ.

ಸಂಜೆ ಎದ್ದು ಬೇಲಿಯ ಹೊರಗೆ ಸುತ್ತಿ ಬರುವಾಗ ಕುರಿಗಳು ನಡೆಯುವ ದಾರಿಯ ಅಂಚಿನಲ್ಲಿ ನೀಲಿ ಬಣ್ಣ ಕಂಡಿತು. ಗೊರಸು ಕೆದರಿದ ಮಣ್ಣಿನಲ್ಲಿ ಎಳೆಯ ಪೊದೆಗಳು ಎದ್ದಿದ್ದವು. ಕೆಲವುಗಳ ರೆಂಬೆ ಮುರಿದಿತ್ತು. ಮುರಿದವೂ ಹೂ ಬಿಟ್ಟಿದ್ದವು.

ರೈತ ಅಲ್ಲಿಂದಲೇ ಬೇಲಿ ಕೀಳತೊಡಗಿದ. ಮುಳ್ಳು ಚುಚ್ಚಿ ಕೈಯಲ್ಲಿ ರಕ್ತ ಬಂದರೂ ಬಿಡಲಿಲ್ಲ. ಆಮೇಲೆ ಕುರಿಗಾಹಿಯ ಮನೆಗೆ ಹೋಗಿ, “ಹಿಂಡನ್ನು ಗುಡ್ಡಕ್ಕೆ ಬಿಡಪ್ಪ” ಎಂದ.

“ತುಳಿದರೆ?”

“ಒಂದಿಷ್ಟು ತುಳಿಯಲಿ.”

ಗುಡ್ಡ ಮತ್ತೆ ಹೂ ಬಿಡಲು ಕೆಲವು ಮಳೆಗಾಲ ಹಿಡಿಯಿತು. ಆದರೆ ಬಿಟ್ಟಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ, “ಆ ರೈತ ಅಷ್ಟು ಪ್ರೀತಿಯಿಂದ ಕಾದನಲ್ಲ ಗುರುಗಳೇ, ಅದು ತಪ್ಪೇ?” ಎಂದ.

“ನಿನ್ನ ಮಗಳು ಮೊದಲು ಯಾರ ಜೊತೆ ಆಡುತ್ತಿದ್ದಳು?” ಎಂದು ಗುರುಗಳು ಕೇಳಿದರು.

ಆ ಹೆಸರುಗಳನ್ನು ಮಗಳನ್ನೇ ಕೇಳಬೇಕೆಂದು ಮರುಳಯ್ಯ ಎದ್ದು ಮನೆಯ ಕಡೆ ಹೊರಟ.